ಟೆಂಡರ್ ಬೇರೆಯವರದ್ದು, ಫೈರ್ ಟ್ರಕ್ ನಮ್ಮೂರಿನದು

(ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ಕನ್ನಡಿಗರ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸ. ಧ್ವನಿಮುದ್ರಣದಿಂದ ಬರೆದು ಸ್ವಲ್ಪ ತಿದ್ದಲಾಗಿದೆ.)

1904ರ ಫೆಬ್ರವರಿ 7, ಭಾನುವಾರ. ಬಾಲ್ಟಿಮೋರ್ ನಗರದ ಪೇಟೆಗೆ ಬೆಂಕಿ ಬಿತ್ತು. ಊರಿನ ಫೈರ್ ಇಂಜಿನ್‌ಗಳಿಗೆ ಅದು ನಿಭಾಯಿಸಲಾಗದ ಬೆಂಕಿ. ತಂತಿ ಕಳಿಸಿದರು. ವಾಷಿಂಗ್ಟನ್‌ನಿಂದ ಇಂಜಿನ್‌ಗಳನ್ನು ರೈಲಿಗೆ ಹತ್ತಿಸಿ ಕಳಿಸಿದರು. ಫಿಲಡೆಲ್ಫಿಯಾದಿಂದ ಬಂದವು, ನ್ಯೂಯಾರ್ಕಿನಿಂದಲೂ ಬಂದವು. ಜನ ಇದ್ದರು, ಇಂಜಿನ್ ಇತ್ತು, ನೀರೂ ಇತ್ತು. ಆದರೆ ಬಂದವರ ಹೋಸ್ ಪೈಪು ಬಾಲ್ಟಿಮೋರಿನ ಹೈಡ್ರಂಟಿಗೆ, ಅಂದರೆ ರಸ್ತೆಬದಿಯ ನೀರಿನ ನಲ್ಲಿಗೆ, ಕೂರಲಿಲ್ಲ. ತಿರುಪಿನ ಅಳತೆ ಬೇರೆ. ಸುಮಾರು 30 ಗಂಟೆ ಉರಿದ ಬೆಂಕಿಯಲ್ಲಿ 1,500ಕ್ಕೂ ಹೆಚ್ಚು ಕಟ್ಟಡ ಹೋದವು.

ಆಮೇಲೆ ಸರ್ಕಾರದವರು ದೇಶದ ಬೇರೆ ಬೇರೆ ಊರುಗಳಿಂದ ಹೋಸ್ ಜೋಡಣೆಗಳನ್ನು ತರಿಸಿ ನೋಡಿದರು. 600ಕ್ಕೂ ಹೆಚ್ಚು ತರಹ ಸಿಕ್ಕವು. ಒಂದೊಂದು ಊರಿಗೆ ಒಂದೊಂದು ತಿರುಪು. ಮರುವರ್ಷವೇ, ಅಂದರೆ 1905ರಲ್ಲಿ, ಇಡೀ ದೇಶಕ್ಕೆ ಒಂದೇ ಅಳತೆ ಅಂತ ಮಾನದಂಡ ಬಂತು. ಬಂತು ಅಷ್ಟೇ. ನೂರು ವರ್ಷ ಕಳೆದ ಮೇಲೆ, 2004ರಲ್ಲಿ ಲೆಕ್ಕ ಹಾಕಿದಾಗ, ದೇಶದ 48 ದೊಡ್ಡ ನಗರಗಳಲ್ಲಿ ಆ ಅಳತೆಯ ಹೈಡ್ರಂಟ್ ಇದ್ದದ್ದು 18ರಲ್ಲಿ ಮಾತ್ರ.

ಇದು ಎಲ್ಲೋ ದೂರದ ಕಥೆ ಅಂದುಕೊಳ್ಳಬೇಡಿ. ನೀವು ಫ್ರೀವೇ 24ರಲ್ಲಿ ಹೋಗುವಾಗ ಕಾಣುತ್ತವಲ್ಲ, ಓಕ್‌ಲ್ಯಾಂಡ್ ಗುಡ್ಡಗಳು, ಅಲ್ಲಿ 1991ರ ಅಕ್ಟೋಬರಿನಲ್ಲಿ ಬೆಂಕಿ ಬಿದ್ದು 25 ಜನ ಸತ್ತರು. ಅಕ್ಕಪಕ್ಕದ ಊರುಗಳಿಂದ ಸಹಾಯಕ್ಕೆ ಬಂದವರ ಹೋಸು ಎರಡೂವರೆ ಇಂಚಿನದು. ಓಕ್‌ಲ್ಯಾಂಡಿನ ಹೈಡ್ರಂಟು ಮೂರು ಇಂಚಿನದು. ನಡುವೆ ಅಡಾಪ್ಟರ್ ಬೇಕು, ಅದು ಎಲ್ಲರ ಹತ್ತಿರ ಇರಲಿಲ್ಲ. 87 ವರ್ಷದ ನಂತರವೂ ಅದೇ ತೊಂದರೆ.

ಪೊಲೀಸು, ಫೈರ್, ಆಂಬುಲೆನ್ಸ್‌ಗೆ ಬೇಕಾದ ಸಾಮಾನನ್ನು ಊರೂರು ತಮಗೆ ತೋಚಿದ ಹಾಗೆ ಕೊಂಡರೆ ಏನಾಗುತ್ತೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಗೊತ್ತಿಲ್ಲ. ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ, ಒಟ್ಟಾಗಿ ಕೊಳ್ಳುವುದಕ್ಕೆ ನಾನು ವಿರೋಧಿ ಅಲ್ಲ. ಒಂದು ಕೌಂಟಿಯ ಖರೀದಿ ವಿಭಾಗದಲ್ಲಿ ಕೆಲಸ ಮಾಡಿದವನು ನಾನು, ಅದರ ಲಾಭ ದಿನಾ ನೋಡಿದ್ದೇನೆ. ಇವತ್ತು ನನ್ನ ತಕರಾರು ಬೇರೆ. ರಾಷ್ಟ್ರಮಟ್ಟದ ಖರೀದಿ ಯೋಜನೆ ನಿಮ್ಮ ಊರಿಗೆ "ಇದರ ಬೆಲೆ ಎಷ್ಟು" ಅನ್ನುವ ಪ್ರಶ್ನೆಗೆ ಉತ್ತರ ಕೊಡುತ್ತೆ. "ಇದು ನಮಗೆ ಬೇಕಾ" ಅನ್ನುವ ಪ್ರಶ್ನೆಗೆ ಕೊಡುವುದಿಲ್ಲ. ಮೊದಲನೆಯ ಉತ್ತರ ಸುಲಭವಾಗಿ ಸಿಕ್ಕಿಬಿಟ್ಟಾಗ ಎರಡನೆಯ ಪ್ರಶ್ನೆಯನ್ನು ಯಾರೂ ಕೇಳುವುದೇ ಇಲ್ಲ.

ನಮ್ಮ ಕಡೆಯವರಿಗೆ ಇಲ್ಲೊಂದು ಗೊಂದಲ ಆಗುವುದು ಸಹಜ. ಕರ್ನಾಟಕದಲ್ಲಿ ಪೊಲೀಸರು ರಾಜ್ಯ ಸರ್ಕಾರದವರು. ಅಗ್ನಿಶಾಮಕ ಇಲಾಖೆಯೂ ರಾಜ್ಯದ್ದೇ. ಮೈಸೂರು ಪಾಲಿಕೆಯವರು ಕೂತು ಪೊಲೀಸ್ ಜೀಪು ಕೊಳ್ಳುವುದಿಲ್ಲ, ಯಾವ ನಗರಸಭೆಯೂ ಫೈರ್ ಇಂಜಿನ್‌ಗೆ ಟೆಂಡರ್ ಕರೆಯುವುದಿಲ್ಲ. ಎಲ್ಲ ಬೆಂಗಳೂರಿನಲ್ಲೇ ತೀರ್ಮಾನ. ಅಮೆರಿಕದಲ್ಲಿ ಇದು ತಲೆಕೆಳಗು. ಇಲ್ಲಿ 90 ಸಾವಿರಕ್ಕೂ ಹೆಚ್ಚು ಸ್ಥಳೀಯ ಸರ್ಕಾರಗಳಿವೆ. ಸುಮಾರು 18 ಸಾವಿರ ಪೊಲೀಸ್ ಸಂಸ್ಥೆಗಳು. ಊರಿನ ಪೊಲೀಸ್ ವಿಭಾಗಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟರಲ್ಲಿ ಹತ್ತು ಜನ ಅಧಿಕಾರಿಗಳೂ ಇಲ್ಲ. ಫೈರ್ ಡಿಪಾರ್ಟ್‌ಮೆಂಟುಗಳಲ್ಲಿ ಹೆಚ್ಚಿನವು ಸ್ವಯಂಸೇವಕರು ನಡೆಸುವಂಥವು.

ಅಂಥ ಒಂದು ಸಣ್ಣ ಊರನ್ನು ಯೋಚಿಸಿ. ಪೊಲೀಸ್ ಮುಖ್ಯಸ್ಥರಿಗೆ ಎಂಟು ಬುಲೆಟ್ ಪ್ರೂಫ್ ಅಂಗಿ ಬೇಕು. ಅದರ ತಾಂತ್ರಿಕ ವಿವರ ಬರೆಯುವವರು ಯಾರು? ಟೆಂಡರ್ ಕರೆಯುವವರು ಯಾರು? ಬಂದ ಮೂರು ಬಿಡ್‌ಗಳನ್ನು ತೂಗಿ ನೋಡುವವರು ಯಾರು? ಸಿಟಿ ಕ್ಲರ್ಕ್ ಒಬ್ಬರೇ, ಅವರೇ ಚುನಾವಣೆಯನ್ನೂ ನೋಡಿಕೊಳ್ಳಬೇಕು, ನಾಯಿ ಲೈಸೆನ್ಸನ್ನೂ ಕೊಡಬೇಕು. ಎಂಟು ಅಂಗಿಗೆ ಯಾವ ಕಂಪನಿ ತಾನೇ ರಿಯಾಯಿತಿ ಕೊಡುತ್ತೆ ಹೇಳಿ?

ಇದಕ್ಕೆ ಪರಿಹಾರವಾಗಿ ಬಂದದ್ದೇ ಬೇರೆಯವರ ಟೆಂಡರಿನ ಮೇಲೆ ನಮ್ಮ ಆರ್ಡರ್ ಹಾಕುವ ಪದ್ಧತಿ. ಇದಕ್ಕೆ ಹಲವು ಬಾಗಿಲುಗಳಿವೆ. ದೊಡ್ಡ ಬಾಗಿಲು ಜಿಎಸ್ಎ, ಅಂದರೆ ಜನರಲ್ ಸರ್ವಿಸಸ್ ಅಡ್ಮಿನಿಸ್ಟ್ರೇಷನ್. 1949ರಲ್ಲಿ ಶುರುವಾದ ಫೆಡರಲ್, ಅಂದರೆ ಕೇಂದ್ರ, ಸರ್ಕಾರದ ಖರೀದಿ ಸಂಸ್ಥೆ. ಕಂಪನಿಗಳ ಜೊತೆ ಮೊದಲೇ ಚೌಕಾಸಿ ಮಾಡಿ ಬೆಲೆಪಟ್ಟಿ ಸಿದ್ಧ ಇಟ್ಟಿರುತ್ತಾರೆ. ಮೊದಲು ಅದು ಮುಖ್ಯವಾಗಿ ಫೆಡರಲ್ ಇಲಾಖೆಗಳಿಗೇ ಇತ್ತು. 2002ರ ಕಾನೂನಿನಿಂದ ರಾಜ್ಯ ಮತ್ತು ಊರುಗಳೂ ಅದರಿಂದ ಕಂಪ್ಯೂಟರ್, ಸಾಫ್ಟ್‌ವೇರ್ ಕೊಳ್ಳಬಹುದು ಅಂತಾಯಿತು. 2008ರ ಜೂನ್‌ನಲ್ಲಿ ಇನ್ನೊಂದು ಕಾನೂನು ಬಂತು, ಲೋಕಲ್ ಪ್ರಿಪೇರ್ಡ್‌ನೆಸ್ ಅಕ್ವಿಸಿಷನ್ ಆಕ್ಟ್. ಆಗಿನಿಂದ ಪೊಲೀಸ್, ಫೈರ್, ರಕ್ಷಣಾ ಕೆಲಸ, ಸೆಕ್ಯುರಿಟಿ ಸಾಮಾನಿನ ಪಟ್ಟಿ ಊರುಗಳಿಗೂ ತೆರೆಯಿತು. ಆ ಪಟ್ಟಿಯನ್ನು ಆಗ ಶೆಡ್ಯೂಲ್ 84 ಅನ್ನುತ್ತಿದ್ದರು. ಈಗ ಎಲ್ಲ ಶೆಡ್ಯೂಲ್‌ಗಳನ್ನೂ ಸೇರಿಸಿ ಒಂದೇ ಮಾಡಿದ್ದಾರೆ, ಆದರೂ ಹಳಬರ ಬಾಯಲ್ಲಿ ಇನ್ನೂ 84 ಅಂತಲೇ ಬರುತ್ತೆ.

ಎರಡನೆಯ ಬಾಗಿಲು 1122. ಕಾಂಗ್ರೆಸ್ಸಿನ, ಅಂದರೆ ಅಮೆರಿಕದ ಸಂಸತ್ತಿನ, ಒಂದು ರಕ್ಷಣಾ ಮಸೂದೆಯ 1122ನೇ ಸೆಕ್ಷನ್, ಅದೇ ಹೆಸರಾಗಿ ಉಳಿದಿದೆ. 1993ರಲ್ಲಿ ಮಾದಕ ವಸ್ತು ತಡೆಯುವ ಕೆಲಸಕ್ಕೆ ಅಂತ ಮಾಡಿದ್ದು. ಆಮೇಲೆ ಹೋಮ್‌ಲ್ಯಾಂಡ್ ಸೆಕ್ಯುರಿಟಿ, ತುರ್ತು ಸೇವೆಗಳಿಗೂ ವಿಸ್ತರಿಸಿದರು. ಫೆಡರಲ್ ಸರ್ಕಾರಕ್ಕೆ ಸಿಗುವ ಬೆಲೆಯಲ್ಲೇ ಊರಿನವರು ಹೊಸ ಸಾಮಾನು ಕೊಳ್ಳಬಹುದು. ಅದಕ್ಕೆ ಪ್ರತಿ ರಾಜ್ಯದಲ್ಲಿ ಒಬ್ಬ ಅಧಿಕಾರಿಯ ಮೂಲಕ ಹೋಗಬೇಕು.

ಇವೆರಡು ಸರ್ಕಾರದ್ದು. ಇದಲ್ಲದೆ ಸಹಕಾರಿ ಸಂಸ್ಥೆಗಳಿವೆ, ಊರುಗಳು ಜಾಸ್ತಿ ಬಳಸುವುದು ಇವನ್ನೇ. ಟೆಕ್ಸಸ್‌ನ ಹ್ಯೂಸ್ಟನ್ ಪ್ರದೇಶದ ಸ್ಥಳೀಯ ಸರ್ಕಾರಗಳ ಮಂಡಳಿ ನಡೆಸುವ ಎಚ್‌ಗ್ಯಾಕ್‌ಬೈ ಒಂದು. ರಾಜ್ಯಗಳ ಖರೀದಿ ಅಧಿಕಾರಿಗಳ ಸಂಘದ ನ್ಯಾಸ್ಪೊ ಒಂದು. ಇನ್ನೊಂದು ಸೋರ್ಸ್‌ವೆಲ್. ಈ ಸೋರ್ಸ್‌ವೆಲ್ ಎಲ್ಲಿದೆ ಗೊತ್ತಾ? ಮಿನೆಸೋಟಾದಲ್ಲಿ ಸ್ಟೇಪಲ್ಸ್ ಅಂತ ಒಂದು ರೈಲ್ವೆ ಊರು. ಜನಸಂಖ್ಯೆ 3,000ದ ಆಸುಪಾಸು. ಕ್ಯಾಲಿಫೋರ್ನಿಯಾದ ಒಂದು ಊರು ಫೈರ್ ಟ್ರಕ್ ಕೊಳ್ಳುವಾಗ ಅದರ ಟೆಂಡರ್ ಕೆಲಸ ಎಷ್ಟೋ ಸಲ ಆ ಸಣ್ಣ ಊರಲ್ಲಿ ಕೂತವರು ಮುಗಿಸಿರುತ್ತಾರೆ. ನನಗೆ ಇದು ಈಗಲೂ ಸೋಜಿಗ.

ಕರ್ನಾಟಕದ ಸುದ್ದಿ ಓದುವವರಿಗೆ "ಟೆಂಡರ್ ಇಲ್ಲದೆ ಖರೀದಿ" ಅಂದ ತಕ್ಷಣ 4ಜಿ ನೆನಪಾಗುತ್ತೆ. ಮೊಬೈಲ್ 4ಜಿ ಅಲ್ಲ, 1999ರ ಪಾರದರ್ಶಕತೆ ಕಾಯ್ದೆಯ 4(ಜಿ) ವಿನಾಯಿತಿ. ಅದು ಬೇರೆ, ಇದು ಬೇರೆ. ಅಲ್ಲಿ ಸರ್ಕಾರವೇ ಒಂದು ಅಧಿಸೂಚನೆ ಹೊರಡಿಸಿ ಟೆಂಡರ್ ಬೇಡ ಅನ್ನುತ್ತೆ. ಇಲ್ಲಿ ಟೆಂಡರ್ ಆಗಿದೆ, ಆದರೆ ನಿಮ್ಮೂರಲ್ಲಿ ಆಗಿಲ್ಲ. ಈಚಿನ ಭಾರತಕ್ಕೆ ಹೋಲಿಸಬೇಕೆಂದರೆ 2016ರಲ್ಲಿ ಶುರುವಾದ ಸರ್ಕಾರಿ ಖರೀದಿಯ ಜೆಮ್ ಪೋರ್ಟಲ್ ಸ್ವಲ್ಪ ಹತ್ತಿರ ಬರುತ್ತೆ. ಅದಕ್ಕೂ ಮುಂಚೆ ಕೇಂದ್ರದ ಖರೀದಿ ಇಲಾಖೆ ಡಿಜಿಎಸ್ ಆ್ಯಂಡ್ ಡಿಯವರ ರೇಟ್ ಕಾಂಟ್ರಾಕ್ಟ್ ಅಂತ ಇತ್ತು, ಸರ್ಕಾರಿ ನೌಕರಿಯಲ್ಲಿದ್ದ ಹಿರಿಯರು ಇಲ್ಲಿ ತಲೆ ಆಡಿಸುತ್ತಿದ್ದೀರಿ.

ಸರಿ, ಒಂದು ಫೈರ್ ಟ್ರಕ್ಕಿನ ಕಾಗದ ಬಿಚ್ಚಿ ನೋಡೋಣ. ಎಚ್‌ಗ್ಯಾಕ್‌ಬೈನಲ್ಲಿ ಪ್ರತಿ ಖರೀದಿಗೂ ಒಂದು ಬೆಲೆ ಹಾಳೆ ಇರುತ್ತೆ. ಎ, ಬಿ, ಸಿ ಅಂತ ವಿಭಾಗಗಳು. ಎ ಅಂದರೆ ಮೂಲ ಟ್ರಕ್ಕಿನ ಬೆಲೆ. ಇದು ಟೆಂಡರಿನಲ್ಲಿ ತೀರ್ಮಾನವಾದದ್ದು. ಬಿ ಅಂದರೆ ಪ್ರಕಟಿತ ಆಯ್ಕೆಗಳು. ದೊಡ್ಡ ಪಂಪು ಬೇಕಾ, ಹೆಚ್ಚು ಲೈಟ್ ಬೇಕಾ, ಏಣಿ ಬೇಕಾ? ಇವಕ್ಕೂ ಕಂಪನಿ ಟೆಂಡರಿನಲ್ಲೇ ಬೆಲೆ ಬರೆದಿರುತ್ತೆ. ಸಿ ಅಂದರೆ ಪ್ರಕಟವಾಗದ ಆಯ್ಕೆಗಳು. ಟೆಂಡರಿನಲ್ಲಿ ಇಲ್ಲದವು, ನಿಮ್ಮೂರಿನ ಫೈರ್ ಚೀಫ್ ಕೇಳಿದವು. ಇವಕ್ಕೆ ಬೆಲೆ ಹಾಕುವುದು ಮಾರುವವರು, ಆಗ ಪಕ್ಕದಲ್ಲಿ ಬೇರೆ ಯಾವ ಸ್ಪರ್ಧಿಯೂ ಇರುವುದಿಲ್ಲ. ಅದಕ್ಕೇ ಒಂದು ಮಿತಿ ಇಟ್ಟಿದ್ದಾರೆ. ಸಿ ಮೊತ್ತ ಎ ಮತ್ತು ಬಿ ಕೂಡಿದ ಮೊತ್ತದ 25 ಶೇಕಡ ದಾಟಬಾರದು.

ಲೆಕ್ಕಕ್ಕೆ ಸುಲಭವಾಗಲಿ ಅಂತ ಸುಮ್ನೆ ಒಂದು ಸಂಖ್ಯೆ ಹಿಡಿಯೋಣ. ಮೂಲ ಬೆಲೆ 6 ಲಕ್ಷ ಡಾಲರ್. ಪ್ರಕಟಿತ ಆಯ್ಕೆ 2 ಲಕ್ಷ. ಕೂಡಿದರೆ 8 ಲಕ್ಷ. ಅದರ 25 ಶೇಕಡ 2 ಲಕ್ಷ. ಒಟ್ಟು 10 ಲಕ್ಷ ಡಾಲರ್, ಅಂದರೆ ಒಂದು ಮಿಲಿಯನ್. ಊರಿನ ಚುನಾಯಿತ ಕೌನ್ಸಿಲ್ ಮುಂದೆ ಹೋಗುವ ವರದಿಯಲ್ಲಿ ಒಂದೇ ಸಾಲು ಇರುತ್ತೆ: "ಸ್ಪರ್ಧಾತ್ಮಕ ಟೆಂಡರ್ ಆಗಿರುವ ಒಪ್ಪಂದದ ಮೂಲಕ ಖರೀದಿ". ಆದರೆ ಆ ಮಿಲಿಯನ್‌ನಲ್ಲಿ 2 ಲಕ್ಷ ಡಾಲರಿಗೆ ಯಾವ ಸ್ಪರ್ಧೆಯೂ ನಡೆದಿಲ್ಲ. ನಿಯಮ ಮುರಿದಿಲ್ಲ, ಯಾರೂ ಸುಳ್ಳು ಹೇಳಿಲ್ಲ. ಐದರಲ್ಲಿ ಒಂದು ಭಾಗ ಮಾತ್ರ ಟೆಂಡರಿನ ಆಚೆ ಇದೆ.

ಇನ್ನೊಂದು ವಿಷಯ ಊರಿನವರಿಗೆ ಎಷ್ಟೋ ಸಲ ಗೊತ್ತೇ ಇರುವುದಿಲ್ಲ. ಜಿಎಸ್ಎ ಪಟ್ಟಿಯ ಬೆಲೆ ಮೇಲಿನ ಮಿತಿ. ಅದಕ್ಕಿಂತ ಹೆಚ್ಚು ತಗೊಳ್ಳುವ ಹಾಗಿಲ್ಲ, ಕಡಿಮೆಗೆ ಕೊಡುವುದಕ್ಕೆ ಅಡ್ಡಿಯಿಲ್ಲ. ಕೇಳಿದರೆ ಇಳಿಸುತ್ತಾರೆ. ಆದರೆ "ಇದು ಫೆಡರಲ್ ಬೆಲೆ" ಅಂತ ಸೇಲ್ಸ್‌ನವರು ಹೇಳಿದಾಗ ಸಣ್ಣ ಊರಿನ ಅಧಿಕಾರಿ ಅಲ್ಲಿಗೇ ಸುಮ್ಮನಾಗುತ್ತಾರೆ. ಚಿಕ್ಕಪೇಟೆಯಲ್ಲಿ ಸೀರೆಗೆ ಚೌಕಾಸಿ ಮಾಡಿ ಬೆಳೆದ ನಮ್ಮ ಜನ ಆ ಕುರ್ಚಿಯಲ್ಲಿ ಕೂತಿದ್ದರೆ ಚೆನ್ನಾಗಿರುತ್ತಿತ್ತು.

ಈ ಸಂಸ್ಥೆಗಳಿಗೆ ದುಡ್ಡು ಎಲ್ಲಿಂದ ಬರುತ್ತೆ ಅನ್ನುವುದನ್ನೂ ನೋಡಿ. ಸಾಮಾನ್ಯವಾಗಿ ಸದಸ್ಯತ್ವ ಬಿಟ್ಟಿ. ಮಾರಾಟದ ಮೇಲೆ ಒಂದು ಪಾಲು ಹೋಗುತ್ತೆ. ಜಿಎಸ್ಎಯಲ್ಲಿ ಅದು 0.75 ಶೇಕಡ, ಬೆಲೆಯಲ್ಲೇ ಸೇರಿರುತ್ತೆ. ಸಹಕಾರಿಗಳಲ್ಲೂ ಮಾರುವ ಕಂಪನಿಯಿಂದಲೋ ಆರ್ಡರಿನ ಮೇಲೋ ಶುಲ್ಕ. ಇದರಲ್ಲಿ ಮೋಸ ಏನಿಲ್ಲ, ಆಫೀಸು ನಡೆಯಬೇಕಲ್ಲ. ಆದರೆ ಮಾರಾಟ ಜಾಸ್ತಿಯಾದಷ್ಟೂ ಅವರಿಗೆ ಆದಾಯ ಜಾಸ್ತಿ. "ನಿಮಗೆ ಈ ಟ್ರಕ್ ಬೇಡ, ಪಕ್ಕದೂರಿನ ಜೊತೆ ಹಂಚಿಕೊಳ್ಳಿ" ಅಂತ ಹೇಳುವ ಕೆಲಸ ಆ ಸರಪಳಿಯಲ್ಲಿ ಯಾರದ್ದೂ ಅಲ್ಲ. ಅದು ನಿಮ್ಮ ಕೌನ್ಸಿಲ್‌ನದೇ ಆಗಬೇಕು.

ಎಲ್ಲರೂ ಒಂದೇ ಸಾಮಾನು ಕೊಂಡರೆ ಅದರಲ್ಲಿರುವ ದೋಷವೂ ಎಲ್ಲರ ಪಾಲಿಗೆ ಬರುತ್ತೆ. ಇದಕ್ಕೆ ಜೈಲಾನ್ ಅಂಗಿಗಳ ಕಥೆ ಹೇಳಲೇಬೇಕು. ಬುಲೆಟ್ ಪ್ರೂಫ್ ಅಂಗಿ ಕೊಳ್ಳುವುದಕ್ಕೆ 1998ರ ಕಾನೂನಿನ ಪ್ರಕಾರ ಫೆಡರಲ್ ಸರ್ಕಾರ ಊರುಗಳಿಗೆ ಅರ್ಧದವರೆಗೆ ದುಡ್ಡು ಕೊಡುತ್ತೆ. ಒಳ್ಳೆ ಯೋಜನೆ, ಎಷ್ಟೋ ಜೀವ ಉಳಿದಿವೆ. ಅದೇ ಸಮಯಕ್ಕೆ ಜಪಾನಿನ ಟೊಯೊಬೊ ಕಂಪನಿಯ ಜೈಲಾನ್ ಅನ್ನುವ ನೂಲು ಬಂತು. ಹಗುರ, ತೆಳು, ಗಟ್ಟಿ. ಬೇಸಿಗೆಯಲ್ಲಿ ಇಡೀ ದಿನ ಅಂಗಿ ತೊಟ್ಟಿರಬೇಕಾದ ಪೊಲೀಸರಿಗೆ ಇದು ವರವೇ ಅನ್ನಿಸಿತು. ಮಿಶಿಗನ್ನಿನ ಸೆಕೆಂಡ್ ಚಾನ್ಸ್ ಅನ್ನುವ ಕಂಪನಿ ಮತ್ತು ಇನ್ನೂ ಕೆಲವು ಕಂಪನಿಗಳು ಅದರಿಂದ ಅಂಗಿ ಮಾಡಿ ಮಾರಿದವು. ಪರೀಕ್ಷೆ ಪಾಸಾಗಿತ್ತು, ಸರ್ಕಾರದ ಪಟ್ಟಿಯಲ್ಲಿತ್ತು, ಅರ್ಧ ದುಡ್ಡೂ ಬರುತ್ತಿತ್ತು. ಇನ್ನೇನು ಯೋಚನೆ?

2003ರ ಜೂನ್‌ನಲ್ಲಿ ಪೆನ್ಸಿಲ್ವೇನಿಯಾದ ಫಾರೆಸ್ಟ್ ಹಿಲ್ಸ್ ಅನ್ನುವ ಸಣ್ಣ ಊರಲ್ಲಿ ಒಬ್ಬ ಪೊಲೀಸ್ ಅಧಿಕಾರಿಗೆ ಗುಂಡು ಬಿತ್ತು. ಅಂಗಿ ತಡೆಯಬೇಕಾಗಿದ್ದ ಗುಂಡೇ ಅದು. ತಡೆಯಲಿಲ್ಲ, ತೂರಿಕೊಂಡು ಹೋಯಿತು. ಅವರು ಬದುಕಿದರು. ತಡೆಯಲೇಬೇಕಾದ ಗುಂಡನ್ನು ಪ್ರಮಾಣಿತ ಅಂಗಿಯೊಂದು ತಡೆಯದೆ ಹೋದದ್ದು ಗೊತ್ತಿದ್ದಂತೆ ಅದೇ ಮೊದಲು. ಆಗ ನ್ಯಾಯ ಇಲಾಖೆಯ ಸಂಶೋಧನಾ ಸಂಸ್ಥೆ ಎನ್‌ಐಜೆ ಎಚ್ಚೆತ್ತಿತು. ಪೊಲೀಸರು ತೊಟ್ಟು ಹಳತಾದ 103 ಜೈಲಾನ್ ಅಂಗಿ ತರಿಸಿ ಗುಂಡು ಹಾರಿಸಿ ನೋಡಿದರು. 60 ಅಂಗಿಗಳಲ್ಲಿ ಕನಿಷ್ಠ ಒಂದು ಗುಂಡಾದರೂ ತೂರಿತು. ಎಲ್ಲ ಪರೀಕ್ಷೆಯಲ್ಲೂ ಗೆದ್ದದ್ದು ನಾಲ್ಕೇ ನಾಲ್ಕು. 2005ರ ಆಗಸ್ಟಿನಲ್ಲಿ ಜೈಲಾನ್ ಅಂಗಿಗಳ ಮಾನ್ಯತೆ ತೆಗೆದರು.

ತಪ್ಪು ಎಲ್ಲಿತ್ತು ಗೊತ್ತಾ? ಹೊಸ ಅಂಗಿಯನ್ನು ಪರೀಕ್ಷೆ ಮಾಡುತ್ತಿದ್ದರು. ಬೆವರು, ಬಿಸಿಲು, ತೇವದಲ್ಲಿ ನೂಲು ಸೊರಗಿದ ಮೇಲೆ ಏನಾಗುತ್ತೆ ಅಂತ ಆ ಪರೀಕ್ಷೆಯಲ್ಲಿ ನೋಡುತ್ತಿರಲಿಲ್ಲ. ಸಣ್ಣ ಊರಿನ ಪೊಲೀಸ್ ಮುಖ್ಯಸ್ಥರಿಗೆ ಇದು ಗೊತ್ತಾಗುವ ದಾರಿಯೇ ಇರಲಿಲ್ಲ, ಅವರು ನಂಬಿದ್ದು ಪಟ್ಟಿಯನ್ನು. ಜಿಎಸ್ಎ ಪಟ್ಟಿಯ ಮೂಲಕವೂ ಆ ಅಂಗಿಗಳು ಮಾರಾಟವಾಗಿದ್ದವು. ಅದಕ್ಕಾಗಿ ಅಮೆರಿಕ ಸರ್ಕಾರ ಹಾಕಿದ ಕೇಸು ವರ್ಷಾನುಗಟ್ಟಲೆ ಎಳೆದು, ಕೊನೆಗೆ 2018ರಲ್ಲಿ ಟೊಯೊಬೊ 6.6 ಕೋಟಿ ಡಾಲರ್ ಕೊಟ್ಟು ಇತ್ಯರ್ಥ ಮಾಡಿಕೊಂಡಿತು.

ಹಾಗಂತ ಊರೂರು ಪ್ರತ್ಯೇಕವಾಗಿ ಕೊಂಡಿದ್ದರೆ ಇದು ತಪ್ಪುತ್ತಿತ್ತಾ? ಇಲ್ಲ. ಪ್ರತ್ಯೇಕವಾಗಿ ಕೊಂಡಿದ್ದರೆ ದೋಷ ಪತ್ತೆಯಾಗುವುದೇ ಇನ್ನೂ ತಡವಾಗುತ್ತಿತ್ತೇನೋ. ಯಾರ ಹತ್ತಿರ ಆ ಅಂಗಿ ಇದೆ ಅಂತ ಹುಡುಕುವುದೂ ಕಷ್ಟವಾಗುತ್ತಿತ್ತು. ನಾನು ಹೇಳುವುದು ಇಷ್ಟು: ಪಟ್ಟಿಯಲ್ಲಿ ಹೆಸರಿದೆ ಅಂದರೆ ಬೆಲೆ ಮಾತಾಡಿ ಆಗಿದೆ ಅಂತ ಅರ್ಥ. ಮುಂದಿನ ಐದು ವರ್ಷ ಅದು ಹೇಗೆ ನಡೆದುಕೊಳ್ಳುತ್ತೆ ಅನ್ನುವುದಕ್ಕೆ ಅದು ಗ್ಯಾರಂಟಿ ಅಲ್ಲ.

ಇನ್ನು ಬಿಟ್ಟಿ ಸಾಮಾನಿನ ವಿಷಯ. ಇದು ಕೊಳ್ಳುವುದಲ್ಲ, ಆದರೂ ಇದನ್ನು ಬಿಟ್ಟರೆ ಮಾತು ಅರ್ಧವಾಗುತ್ತೆ. 1033 ಅಂತ ಇನ್ನೊಂದು ಯೋಜನೆ. 1122 ಜೊತೆ ಇದನ್ನು ಗೊಂದಲ ಮಾಡಿಕೊಳ್ಳಬೇಡಿ, ಪತ್ರಿಕೆಗಳೂ ಮಾಡುತ್ತವೆ. 1122ರಲ್ಲಿ ದುಡ್ಡು ಕೊಟ್ಟು ಹೊಸದು ಕೊಳ್ಳಬೇಕು. 1033ರಲ್ಲಿ ಸೇನೆಗೆ ಬೇಡವಾದ ಹಳೆ ಸಾಮಾನು ಪೊಲೀಸರಿಗೆ ಪುಕ್ಕಟೆ ಸಿಗುತ್ತೆ, ಸಾಗಾಟ ಮತ್ತು ರಿಪೇರಿ ಖರ್ಚು ಮಾತ್ರ ಊರಿನದು. 1996ರ ಕಾನೂನು. ಬಹುಪಾಲು ಸಾಮಾನು ಸಾದಾ: ಕುರ್ಚಿ, ಮಲಗುವ ಚೀಲ, ಟಾರ್ಚು, ಬಟ್ಟೆ. 2014ರಲ್ಲಿ ವೈಟ್ ಹೌಸ್ ಮಾಡಿಸಿದ ಪರಿಶೀಲನೆಯಲ್ಲಿ ಹೀಗೆ ಹೋದದ್ದರಲ್ಲಿ ನಿಯಂತ್ರಿತ ಸಾಮಾನು ಸುಮಾರು 4 ಶೇಕಡ ಮಾತ್ರ ಅಂತ ಬಂತು. ಸುದ್ದಿಯಾದದ್ದು ಆ ನಾಲ್ಕು ಶೇಕಡವೇ. ಬಂದೂಕು, ರಾತ್ರಿ ನೋಡುವ ಕನ್ನಡಕ, ಮತ್ತು ಎಂರ‍್ಯಾಪ್. ಇರಾಕ್, ಅಫ್ಘಾನಿಸ್ತಾನದ ನೆಲಬಾಂಬ್ ತಡೆಯುವುದಕ್ಕೆ ಮಾಡಿದ ದೈತ್ಯ ವಾಹನ.

ಆ ವರ್ಷದ ಆಗಸ್ಟ್ 9ರಂದು ಮಿಸೌರಿಯ ಫರ್ಗ್ಯುಸನ್‌ನಲ್ಲಿ ಮೈಕಲ್ ಬ್ರೌನ್ ಅನ್ನುವ ಹುಡುಗ ಪೊಲೀಸ್ ಗುಂಡಿಗೆ ಬಲಿಯಾದ. ಪ್ರತಿಭಟನೆಗೆ ಇಳಿದ ಜನರ ಎದುರು ಕವಚದ ವಾಹನ, ಸೇನೆಯಂಥ ಸಮವಸ್ತ್ರದ ಪೊಲೀಸರು ನಿಂತ ಚಿತ್ರಗಳು ಟಿವಿಯಲ್ಲಿ ಬಂದವು. ಆಗ ದೇಶದ ತುಂಬ ಜನ ತಮ್ಮ ತಮ್ಮ ಊರಿನ ಪೊಲೀಸರ ಶೆಡ್ಡಿನಲ್ಲಿ ಏನಿದೆ ಅಂತ ಇಣುಕಿ ನೋಡಿದರು. ಅದೇ ತಿಂಗಳು ನಮ್ಮ ಸ್ಯಾನ್ ಹೋಸೆ ಪೊಲೀಸರು ತಮ್ಮ ಎಂರ‍್ಯಾಪ್ ವಾಪಸ್ ಕೊಡುತ್ತೇವೆ ಅಂದರು. ಡೇವಿಸ್‌ನಲ್ಲಿ ಇನ್ನೂ ಜೋರು ಚರ್ಚೆ ಆಯಿತು. ಅದು ವಿಶ್ವವಿದ್ಯಾಲಯದ ಊರು, ಸೈಕಲ್ಲಿಗೆ ಹೆಸರಾದದ್ದು. ಅಲ್ಲಿ ಪೊಲೀಸರಿಗೆ ಬಂದಿದ್ದ ವಾಹನದ ಮೂಲ ಬೆಲೆ 7 ಲಕ್ಷ ಡಾಲರಿನ ಹತ್ತಿರ. ಬಿಟ್ಟಿ ಸಿಕ್ಕಿದ್ದು. ಕೌನ್ಸಿಲ್ ಸಭೆಯಲ್ಲಿ ಜನ ಸಾಲುಗಟ್ಟಿ ನಿಂತು ಬೇಡ ಅಂದರು. ಪೊಲೀಸರ ವಾದವನ್ನೂ ತಳ್ಳಿಹಾಕುವ ಹಾಗಿರಲಿಲ್ಲ. ಒಳಗೆ ಬಂದೂಕುಧಾರಿ ಇದ್ದಾಗ ನಮ್ಮವರು ಏನು ಅಡ್ಡ ಹಿಡಿದು ಹೋಗಬೇಕು ಅಂತ ಅವರ ಪ್ರಶ್ನೆ. ಕೌನ್ಸಿಲ್ 60 ದಿನದೊಳಗೆ ವಾಹನ ಸಾಗಹಾಕಿ ಅಂತ ನಿರ್ಧರಿಸಿತು. ಅದು ಹೋದದ್ದು ಅದೇ ಕೌಂಟಿಯ ವುಡ್‌ಲ್ಯಾಂಡಿಗೆ, ಪಕ್ಕದೂರು.

ಆ ಸಭೆಯ ಫಲಿತಾಂಶ ಸರಿಯೋ ತಪ್ಪೋ, ನನಗೆ ಅದು ಮುಖ್ಯವಲ್ಲ. ವಾಹನ ಬಂದ ಮೇಲೆ ಚರ್ಚೆ ಆಯಿತು, ಅದೇ ನನಗೆ ಚುಚ್ಚುವುದು. ಬಿಟ್ಟಿ ಆದ್ದರಿಂದ ಬಜೆಟ್ಟಿನಲ್ಲಿ ಸಾಲು ಇಲ್ಲ. ಸಾಲು ಇಲ್ಲದ್ದರಿಂದ ಪ್ರಶ್ನೆ ಇಲ್ಲ. ಬಿಳಿಯಾನೆ ಮನೆಗೆ ಬಂದ ಮೇಲೆ ಹುಲ್ಲಿನ ಲೆಕ್ಕ ಶುರುವಾಗುತ್ತೆ.

ಇದೇ ಯೋಜನೆಯಲ್ಲಿ ನಗು ಬರುವ, ಹೆದರಿಕೆಯೂ ಆಗುವ ಒಂದು ಘಟನೆ ಇದೆ. ಕಾಂಗ್ರೆಸ್ಸಿನ ಲೆಕ್ಕ ಪರಿಶೋಧಕರು, ಜಿಎಓದವರು, ಸುಳ್ಳೇ ಒಂದು ಫೆಡರಲ್ ಪೊಲೀಸ್ ಸಂಸ್ಥೆಯ ಹೆಸರು ಕಟ್ಟಿದರು. ವೆಬ್‌ಸೈಟ್ ಮಾಡಿದರು, ಅರ್ಜಿ ಹಾಕಿದರು. ವಿಚಾರಣೆ ಎಲ್ಲ ಈಮೇಲಿನಲ್ಲೇ ಮುಗಿಯಿತು. ಆಫೀಸು ಇದೆಯಾ ಅಂತ ಯಾರೂ ಬಂದು ನೋಡಲಿಲ್ಲ. ಅರ್ಜಿ ಪಾಸಾಯಿತು. ನೂರಕ್ಕೂ ಹೆಚ್ಚು ನಿಯಂತ್ರಿತ ಸಾಮಾನು, ಸುಮಾರು 12 ಲಕ್ಷ ಡಾಲರ್ ಬೆಲೆಯದು, ಕೈಗೆ ಬಂತು. ರಾತ್ರಿ ನೋಡುವ ಕನ್ನಡಕ, ತರಬೇತಿಯ ಬಂದೂಕು, ತರಬೇತಿಯ ಪೈಪ್ ಬಾಂಬ್. ವರದಿ 2017ರಲ್ಲಿ ಹೊರಬಂತು. ಅದಾದ ಮೇಲೆ ತಪಾಸಣೆ ಬಿಗಿ ಮಾಡಿದ್ದಾರೆ.

ಈಗಿನ ಖರೀದಿಗಳಲ್ಲಿ ನನಗೆ ಇದಕ್ಕಿಂತ ಜಾಸ್ತಿ ಚಿಂತೆ ಹುಟ್ಟಿಸುವುದು ಸಬ್‌ಸ್ಕ್ರಿಪ್ಷನ್. ಟ್ರಕ್ ಕೊಂಡರೆ ಟ್ರಕ್ ನಿಮ್ಮದು. ಪೊಲೀಸರ ಎದೆಗೆ ಹಾಕುವ ಕ್ಯಾಮರಾ, ನಂಬರ್ ಪ್ಲೇಟ್ ಓದುವ ಕ್ಯಾಮರಾ ಹಾಗಲ್ಲ. ಐದು ವರ್ಷದ ಒಪ್ಪಂದ, ವರ್ಷ ವರ್ಷ ಕಂತು. ಕ್ಯಾಮರಾ ಅಗ್ಗ. ವಿಡಿಯೊ ಇಡುವ ಜಾಗಕ್ಕೆ, ಸಾಫ್ಟ್‌ವೇರಿಗೆ ದುಡ್ಡು ಜಾಸ್ತಿ. ಐದು ವರ್ಷದ ವಿಡಿಯೊ ಎಲ್ಲ ಒಂದು ಕಂಪನಿಯ ಕ್ಲೌಡಿನಲ್ಲಿ ಕೂತ ಮೇಲೆ ಬೇರೆ ಕಂಪನಿಗೆ ಹೋಗುತ್ತೇವೆ ಅನ್ನುವುದು ಬಾಯಿಮಾತು ಅಷ್ಟೇ. ಇಲ್ಲಿ ಕೂತಿರುವ ಅರ್ಧ ಜನಕ್ಕೆ ಇದು ನನಗಿಂತ ಚೆನ್ನಾಗಿ ಗೊತ್ತು, ನೀವು ಮಾಡುವ ಕೆಲಸವೇ ಅದು ಅಲ್ವಾ? ಇಂಥವೂ ಸಹಕಾರಿ ಪಟ್ಟಿಗಳ ಮೂಲಕ ಊರಿನದೇ ಟೆಂಡರ್ ಇಲ್ಲದೆ ಬರುತ್ತವೆ. ಮೊದಲ ಸಲಕ್ಕೆ ಅದು ಸರಿ ಇರಬಹುದು, ಐದು ವರ್ಷದ ನಂತರ ನವೀಕರಣಕ್ಕೂ ಅದೇ ದಾರಿ ಹಿಡಿದರೆ ಸ್ಪರ್ಧೆ ಅನ್ನುವುದು ಆ ಊರಲ್ಲಿ ಯಾವತ್ತೂ ನಡೆಯುವುದೇ ಇಲ್ಲ.

ಹಾಗಾದರೆ ನಾವು ಏನು ನೋಡಬಹುದು? ಕ್ಯಾಲಿಫೋರ್ನಿಯಾದವರಿಗೆ ಒಂದು ಅನುಕೂಲ ಇದೆ. 2021ರಲ್ಲಿ ಎಬಿ 481 ಅಂತ ಕಾನೂನು ಮಾಡಿದರು, 2022ರಿಂದ ಜಾರಿ. ಡ್ರೋನ್, ಕವಚದ ವಾಹನ, ಅಶ್ರುವಾಯು, ಇಂಥ ಪಟ್ಟಿಯಲ್ಲಿರುವ ಸಾಮಾನು ಎಲ್ಲಿಂದಲೇ ಬರಲಿ, ಕೊಂಡದ್ದಾಗಲಿ ಬಿಟ್ಟಿಯಾಗಲಿ, ಮೊದಲು ಕೌನ್ಸಿಲ್ ಬಹಿರಂಗ ಸಭೆಯಲ್ಲಿ ಒಪ್ಪಬೇಕು. ಬಳಕೆಯ ನೀತಿಯನ್ನು 30 ದಿನ ಮುಂಚೆ ವೆಬ್‌ಸೈಟಿನಲ್ಲಿ ಹಾಕಬೇಕು. ಪ್ರತಿ ವರ್ಷ ವರದಿ ಕೊಡಬೇಕು. ನನಗೆ ಇಷ್ಟವಾಗುವುದು ಆ ವರದಿಯ ಖರ್ಚಿನ ಭಾಗ. ಕೊಂಡ ಬೆಲೆ ಒಂದೇ ಅಲ್ಲ. ಸಿಬ್ಬಂದಿ, ತರಬೇತಿ, ಸಾಗಾಟ, ರಿಪೇರಿ, ಇಡುವ ಜಾಗ, ಎಲ್ಲದರ ಖರ್ಚನ್ನೂ ಬರೆಯಬೇಕು. ವರದಿ ಹಾಕಿದ 30 ದಿನದೊಳಗೆ ಜನರ ಸಭೆಯನ್ನೂ ಕರೆಯಬೇಕು. ನಿಮ್ಮೂರಿನ ವರದಿ ಈಗಲೇ ಪೊಲೀಸ್ ಇಲಾಖೆಯ ವೆಬ್‌ಸೈಟಿನಲ್ಲಿ ಇರಬೇಕು, ಫೋನ್ ತೆಗೆದು ಹುಡುಕಿ.

ಫೈರ್ ಟ್ರಕ್ಕಿಗೆ, ರೇಡಿಯೊಗೆ ಈ ಕಾನೂನು ಬರುವುದಿಲ್ಲ. ಅವು ಬರುವುದು ಕೌನ್ಸಿಲ್ ಅಜೆಂಡಾದ ಕನ್ಸೆಂಟ್ ಕ್ಯಾಲೆಂಡರ್ ಅನ್ನುವ ಭಾಗದಲ್ಲಿ. ಹಿಂದಿನ ಸಭೆಯ ನಡಾವಳಿ, ಯಾವುದೋ ಬಿಲ್ಲು, ಅದರ ನಡುವೆ ಮಿಲಿಯನ್ ಡಾಲರಿನ ಟ್ರಕ್. ಎಲ್ಲಕ್ಕೂ ಸೇರಿಸಿ ಒಂದೇ ಓಟು, ಚರ್ಚೆ ಇಲ್ಲ. ಬಹಿರಂಗ ಸಭೆಗಳ ಬಗ್ಗೆ ಇರುವ ರಾಜ್ಯದ ಕಾನೂನು ಬ್ರೌನ್ ಆಕ್ಟ್ ಪ್ರಕಾರ ಅಜೆಂಡಾ 72 ಗಂಟೆ ಮುಂಚೆ ಪ್ರಕಟವಾಗಬೇಕು. ಅದರಲ್ಲಿ ಸೋರ್ಸ್‌ವೆಲ್, ಎಚ್‌ಗ್ಯಾಕ್, ನ್ಯಾಸ್ಪೊ, ಜಿಎಸ್ಎ ಅನ್ನುವ ಹೆಸರು ಕಂಡರೆ ನಿಮ್ಮ ಕೌನ್ಸಿಲ್ ಸದಸ್ಯರಿಗೆ ಒಂದು ಈಮೇಲ್ ಬರೆಯಿರಿ, ಆ ಐಟಂ ಅನ್ನು ಪ್ರತ್ಯೇಕವಾಗಿ ತೆಗೆದುಕೊಳ್ಳಿ ಅಂತ. ಒಬ್ಬ ಸದಸ್ಯರು ಕೇಳಿದರೂ ಸಾಮಾನ್ಯವಾಗಿ ಅದು ಚರ್ಚೆಗೆ ಬರುತ್ತೆ.

ಅಲ್ಲಿ "ಪಟ್ಟಿಯ ಬೆಲೆ ಚೆನ್ನಾಗಿದೆಯಾ" ಅಂತ ಕೇಳಬೇಡಿ, ಅದಕ್ಕೆ ಅವರ ಹತ್ತಿರ ಸಿದ್ಧ ಉತ್ತರ ಇದೆ. ಹಳೆ ಟ್ರಕ್ ಕಳೆದ ವರ್ಷ ಎಷ್ಟು ದಿನ ಕೆಟ್ಟು ನಿಂತಿತ್ತು ಅಂತ ಕೇಳಿ. ಪಕ್ಕದೂರಿನ ಟ್ರಕ್ ಎಷ್ಟು ನಿಮಿಷದಲ್ಲಿ ಬರುತ್ತೆ ಅಂತ ಕೇಳಿ. ಇವತ್ತು ಆರ್ಡರ್ ಕೊಟ್ಟರೆ ಟ್ರಕ್ ಬರುವುದು ಯಾವಾಗ ಅಂತಲೂ ಕೇಳಿ, ಈಗ ಮೂರು ನಾಲ್ಕು ವರ್ಷ ಕಾಯಿಸುವುದೂ ಉಂಟು. ಸರಿಯಾದ ಉತ್ತರ ಬಂದರೆ ಖುಷಿಯಿಂದ ಒಪ್ಪಿ, ಫೈರ್‌ನವರಿಗೆ ಟ್ರಕ್ ಬೇಕೇ ಬೇಕು. ಬೆಲೆ ಹಾಳೆ ಕೊಡಲಿಲ್ಲ ಅಂದರೆ ಸರ್ಕಾರಿ ದಾಖಲೆ ಕೇಳುವ ಹಕ್ಕಿನ ಕಾನೂನು ಪಬ್ಲಿಕ್ ರೆಕಾರ್ಡ್ಸ್ ಆಕ್ಟ್ ಅಡಿಯಲ್ಲಿ ಕೇಳಿ, ಕೊಡುತ್ತಾರೋ ಇಲ್ಲವೋ ಅಂತ ಸಾಮಾನ್ಯವಾಗಿ 10 ದಿನದೊಳಗೆ ತಿಳಿಸಬೇಕು. ಹಾಳೆ ಕೈಗೆ ಬಂದ ಮೇಲೆ ನೇರವಾಗಿ ಸಿ ವಿಭಾಗಕ್ಕೆ ಹೋಗಿ. ಈಗ ನಿಮ್ಮ ಪ್ರಶ್ನೆಗಳಿದ್ದರೆ ಕೇಳಿ, ಹಿಂದಿನ ಸಾಲಿನಲ್ಲಿ ಆಗಿನಿಂದ ಒಬ್ಬರು ಕೈ ಎತ್ತಿದ್ದಾರೆ.